ಛಲೋ ನಡದಿತ್ತಲ್ಲ, ಯಾಕ ಮುಟ್ಟಿದಿ?

ರವಿವಾರ ರಾತ್ರಿ ಎಂಟೂವರೆಗೆ ಅಪ್ಪ ಆ ಮಾತು ಅಂದರು. ಇವತ್ತು ಗುರುವಾರ. ಇನ್ನೂ ಕಿವಿ ಬಿಟ್ಟು ಹೋಗಿಲ್ಲ.

“ಛಲೋ ನಡದಿತ್ತಲ್ಲ ಯವ್ವಾ, ಯಾಕ ಮುಟ್ಟಿದಿ?”

ಬೈದಿದ್ದರೆ ನಾನೂ ತಿರುಗಿ ಎರಡು ಮಾತಾಡಿ ಮುಗಿಸುತ್ತಿದ್ದೆ. ಬೈಯಲಿಲ್ಲ. ಕನ್ನಡಕ ತೆಗೆದು, ಧೋತರದ ತುದಿಯಿಂದ ಒರೆಸಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಟಪ್ಪಂತ ಮುಚ್ಚಿ ಕೇಳಿದರು. ಪುಣೆಯಿಂದ ತಮ್ಮನ ವಿಡಿಯೋ ಕಾಲ್ ಬರುವ ಹೊತ್ತು ಅದು. ವಾರಕ್ಕೊಮ್ಮೆ ಮೊಮ್ಮಗಳ ಮುಖ ನೋಡುವುದು ಆಗಲೇ. ಟ್ಯಾಬನ್ನು ನೀರಿನ ಚರಿಗೆಗೆ ಆನಿಸಿಟ್ಟು ಎಂಟು ಗಂಟೆಯಿಂದಲೇ ಕೂತಿದ್ದರು. ನಾನು ಅವರೆದುರೇ ನೆಲದ ಮೇಲೆ ಲ್ಯಾಪ್‌ಟಾಪ್, ವೈರು, ಸ್ಕ್ರೂಡ್ರೈವರ್ ಎಲ್ಲ ಹರವಿಕೊಂಡು, ಮನೆಯ ರೂಟರ್ ಕೆಡಿಸಿ ಕೂತಿದ್ದೆ. ನನ್ನ ಮೊಬೈಲ್‌ನಾಗ ಮಾತಾಡ್ರಿ ಅಂದೆ. “ಇರ್ಲಿ ಬಿಡು, ಅದರಾಗ ಕೂಸು ಉಗುರಿನಷ್ಟ ಕಾಣತೈತಿ” ಅಂದರು.

ನಾನು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವಳು. “ಪರದೆ ಮೇಲೆ ಏನು ಬರದೈತಿ, ಮೊದಲ ಅದನ್ನ ಓದ್ರಿ” ಅಂತ ವರ್ಷವಿಡೀ ಮಕ್ಕಳಿಗೆ ಹೇಳಿ ಗಂಟಲು ಹರಿದುಕೊಳ್ಳುತ್ತೇನೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ನಮ್ಮ ಮನೆಯ ರೂಟರಿನಲ್ಲಿ ಕಂಪನಿ ಕೊಟ್ಟ ತಂತ್ರಾಂಶ ಇಲ್ಲ, ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ತಂತ್ರಾಂಶ ಇದೆ. ಹೆಸರಿನ ಬಾಲದಲ್ಲಿರುವ ಆ ಮೂರು ಅಕ್ಷರ ಬಂದದ್ದು ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಅನ್ನುವ ಹಳೇ ನೀಲಿ-ಕಪ್ಪು ಡಬ್ಬಿಯಿಂದ. ಅದರ ಹೊಟ್ಟೆಯಲ್ಲಿ ಲಿನಕ್ಸ್ ಅನ್ನುವ ಮುಕ್ತ ಕಾರ್ಯಾಚರಣ ವ್ಯವಸ್ಥೆ ಇರುವುದನ್ನು ಜನ ಕಂಡುಹಿಡಿದರು. ಲಿನಕ್ಸ್‌ನ ಪರವಾನಗಿಯ ಪ್ರಕಾರ ಮೂಲ ಸಂಕೇತ ಹೊರಗೆ ಹಾಕಬೇಕು ಅಂತ ಪಟ್ಟು ಹಿಡಿದರು. 2003ರಲ್ಲಿ ಅದು ಹೊರಬಿತ್ತು, 2004ರಲ್ಲಿ ಈ ಯೋಜನೆ ಶುರುವಾಯಿತು. ಹಿಂದೆಲ್ಲ ಇದರ ಒಂದೊಂದು ಆವೃತ್ತಿಗೂ ಒಂದೊಂದು ಮದ್ಯದ ಮಿಶ್ರಣದ ಹೆಸರು. ಲಾಗಿನ್ ಆದರೆ ಅದನ್ನು ಹೇಗೆ ಬೆರೆಸಬೇಕು ಅನ್ನುವುದೂ ತೆರೆಯ ಮೇಲೆ ಬರುತ್ತಿತ್ತು. ಇಷ್ಟಲಿಂಗ ಪೂಜೆಯಾಗದೆ ಚಹಾ ಕೂಡ ಕುಡಿಯದ ಅಪ್ಪನ ಮನೆಯಲ್ಲಿ ಅದನ್ನು ಯಾರೂ ಓದಲಿಲ್ಲ ಅನ್ನುವುದೇ ಸಮಾಧಾನ.

ಛಲೋ ನಡದಿತ್ತು ಅನ್ನುವುದು ಸುಳ್ಳಲ್ಲ. ನಡೆದಿತ್ತು. 2020ರಲ್ಲಿ ಹಾಕಿದ 19.07 ಆವೃತ್ತಿ ಒಂದು ದಿನವೂ ತಂಟೆ ಮಾಡಿರಲಿಲ್ಲ. ಆದರೆ ಆ ಸಾಲಿಗೆ 2022ರ ಏಪ್ರಿಲ್‌ನಲ್ಲಿ ಬಂದ 19.07.10ಯೇ ಕೊನೆ. ಆಮೇಲೆ ಕಂಡ ತೂತುಗಳಿಗೆ ಅದರಲ್ಲಿ ತೇಪೆ ಇಲ್ಲ. ಒಳಗಿನ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, 4.14. 2025ರ ಫೆಬ್ರುವರಿಯಲ್ಲಿ ಬಂದ 24.10ರಲ್ಲಿ ಇರುವುದು 6.6. ಮಾಳಿಗೆ ಸೋರುವುದು ಮಳೆ ಬಂದಾಗಲೇ ಅಲ್ಲವೇ ಗೊತ್ತಾಗುವುದು? ಒಣ ದಿನಗಳಲ್ಲಿ ಎಲ್ಲ ಮಾಳಿಗೆಯೂ ಛಲೋ ಮಾಳಿಗೆಯೇ.

ಹಾಗಂತ ನಾನು ಹುಂಬತನದಿಂದ ಕೈ ಹಾಕಿರಲಿಲ್ಲ. ಫೈಲ್ ಇಳಿಸಿಕೊಂಡೆ. ಅದು ಕೆಟ್ಟಿಲ್ಲ ಅನ್ನುವ ಖಾತ್ರಿಗೆ ಶಾ-256 ಮೊತ್ತ ತಾಳೆ ನೋಡಿದೆ. ಡಬ್ಬಿಯ ಅಡಿಯ ಚೀಟಿಗೆ ಟಾರ್ಚ್ ಹಿಡಿದು, ಮಾದರಿಯ ಜೊತೆ ಅದು ಎಷ್ಟನೇ ಆವೃತ್ತಿ ಅನ್ನುವುದನ್ನೂ ಓದಿಕೊಂಡೆ. ಹೊರಗಿನ ಡಬ್ಬಿ ಒಂದೇ ಇದ್ದರೂ ಒಳಗಿನ ಚಿಪ್ ಬೇರೆಯಿರುತ್ತದೆ, ಅಲ್ಲಿ ತಪ್ಪಿದರೆ ರೂಟರ್ ಇಟ್ಟಂಗಿಯಾಗುತ್ತದೆ. ಬರೆಯುವಾಗ ಕರೆಂಟ್ ಹೋದರೂ ಅದೇ ಗತಿ, ಅದಕ್ಕೆ ಇನ್ವರ್ಟರಿನ ಪ್ಲಗ್ಗಿಗೆ ಹಾಕಿದೆ. ಬ್ಯಾಕಪ್ಪೂ ತೆಗೆದೆ.

ಎಲ್ಲಿಗೆ ತೆಗೆದೆ? ರೂಟರಿನ ಒಳಗೇ, ‘ಟೆಂಪ್’ ಫೋಲ್ಡರಿಗೆ. ಅದು ಇರುವುದು ರ‍್ಯಾಮ್‌ನಲ್ಲಿ. ರೂಟರ್ ಒಮ್ಮೆ ಬಂದ್ ಆಗಿ ಚಾಲೂ ಆದರೆ ಅಲ್ಲಿ ಏನೂ ಉಳಿಯುವುದಿಲ್ಲ. ಅಲ್ಲಿಂದ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಕಟ್ಟೆ ಒರೆಸಿ ಬಂದು ನೇರ ಮುಂದಿನ ಕೆಲಸಕ್ಕೆ ಕೂತೆ.

ತಂತ್ರಾಂಶ ಬದಲಿಸುವ ‘ಸಿಸ್‌ಅಪ್‌ಗ್ರೇಡ್’ ಕಮಾಂಡ್ ಕೊಟ್ಟರೆ ರೂಟರ್ ಒಪ್ಪಲಿಲ್ಲ. ಕಾರಣವನ್ನೂ ಕೊಟ್ಟಿತು. ಸ್ವಿಚ್ಚನ್ನು, ಅಂದರೆ ತಂತಿ ಸಿಗಿಸುವ ಕಿಂಡಿಗಳನ್ನು ಜೋಡಿಸುವ ಚಿಪ್ಪನ್ನು, ನೋಡಿಕೊಳ್ಳುವ ಪದ್ಧತಿಯೇ ಬದಲಾಗಿದೆ, ಹಳೇ ಸೆಟ್ಟಿಂಗು ಹೊಸದಕ್ಕೆ ಹೊಂದುವುದಿಲ್ಲ, ಅದನ್ನು ಅಳಿಸಿ ಹಾಕಿ, ಅದಕ್ಕೆ ಒತ್ತಾಯದ ಆಯ್ಕೆ ಬೇಕು ಅನ್ನುವ ಅರ್ಥದ ಎರಡು ಸಾಲು. ನಾನು ಓದಿದ್ದು ‘ಒತ್ತಾಯ’ ಮಾತ್ರ. ಒತ್ತಾಯಕ್ಕೆ ‘-ಎಫ್’, ಹಳೇ ಸೆಟ್ಟಿಂಗ್ ಅಳಿಸಲು ‘-ಎನ್’. ಎರಡೂ ಹಾಕಬೇಕಿತ್ತು. ಒಂದು ಹಾಕಿ ಎಂಟರ್ ಒತ್ತಿದೆ. ಎಂಟನೇ ಇಯತ್ತೆಯ ಹುಡುಗ ಇದೇ ಕೆಲಸ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನೇನೋ.

ಹೊಸ ತಂತ್ರಾಂಶ ಸರಿಯಾಗಿಯೇ ಕೂತಿತು, ದೀಪವೂ ಹತ್ತಿತು. ಆದರೆ ಮಾತಿಲ್ಲ. ಹಳೇ ಪದ್ಧತಿಯಲ್ಲಿ ರೂಟರಿನ ಬೆನ್ನಿನ ಐದೂ ಕಿಂಡಿಗಳು ಕರ್ನೆಲ್‌ಗೆ ಒಂದೇ ತಂತಿಯಂತೆ ಕಾಣುತ್ತಿದ್ದವು. ಅದನ್ನೇ ‘ಈಥ್0.1’, ‘ಈಥ್0.2’ ಅಂತ ಚೀಟಿ ಹಚ್ಚಿ ಮನೆಯ ಕಡೆಯದು, ಹೊರಗಿನದು ಅಂತ ಪಾಲು ಮಾಡುವುದು. ಡಿಎಸ್‌ಎ ಅನ್ನುವ ಹೊಸ ಪದ್ಧತಿಯಲ್ಲಿ ಪ್ರತಿ ಕಿಂಡಿಗೂ ಅದರದೇ ಹೆಸರು: ಲ್ಯಾನ್1, ಲ್ಯಾನ್2, ವ್ಯಾನ್. ನನ್ನ ಹಳೇ ಸೆಟ್ಟಿಂಗು ಹಳೇ ಹೆಸರು ಹಿಡಿದು ಹುಡುಕುತ್ತಿತ್ತು. ಹಳೇ ಬಾಗಲಕೋಟೆಯ ಕಿಲ್ಲಾ ಓಣಿಯ ವಿಳಾಸ ಬರೆದ ಲಗ್ನಪತ್ರಿಕೆ ನವನಗರದ ಸೆಕ್ಟರುಗಳಲ್ಲಿ ಅಲೆದಾಡಿದ ಹಾಗೆ. ಅಂಥವು ನಮ್ಮ ಮನೆಗೆ ಬಹಳ ಬಂದಿವೆ, ಕೆಲವು ಲಗ್ನ ಮುಗಿದ ಮೇಲೆ.

ಆಗಲೇ ಅಪ್ಪ ಆ ಮಾತು ಅಂದದ್ದು.

ಅದರ ಹಿಂದೆಯೇ ಬಾಜೂಮನೆಯ ಕಾಕಾ ಬಂದರು. “ತಂಗಿ, ನೆಟ್ ಹೋತೇನು?” ನಮ್ಮ ಮನೆಯ ನೆಟ್ ಹೋದದ್ದು ಇವರಿಗೆ ಹೇಗೆ ಗೊತ್ತಾಯಿತು ಅಂತ ನಾನು ಅಪ್ಪನ ಮುಖ ನೋಡಿದೆ. ಅಪ್ಪ ಚರಿಗೆ ನೋಡಿದರು. ಪಾಸ್‌ವರ್ಡ್ ಯಾವಾಗಲೋ ದಾಟಿಹೋಗಿದೆ. ಕಾಕಾ ಒಳ್ಳೆಯ ಮನುಷ್ಯ, ಜೋಳದ ಹೊಸ ಫಸಲು ಬಂದರೆ ಮೊದಲ ಸೇರು ನಮಗೇ ಕೊಡುತ್ತಾರೆ. ಆದರೆ ಯಾವ ಯಂತ್ರಕ್ಕೂ ಅವರಲ್ಲಿರುವುದು ಒಂದೇ ಔಷಧ: “ಒಮ್ಮಿ ಬಂದ್ ಮಾಡಿ ಚಾಲೂ ಮಾಡು.” ವಿಚಿತ್ರ ಅಂದರೆ ಅವತ್ತು ಆ ಔಷಧವೇ ಬೇಕಿತ್ತು.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ‘ಫೇಲ್‌ಸೇಫ್’ ಅಂತ ಒಂದು ಹಿತ್ತಲ ಬಾಗಿಲಿದೆ. ರೂಟರ್ ಚಾಲೂ ಆಗುವಾಗ ದೀಪ ಒಂದು ಲಯದಲ್ಲಿ ಮಿನುಗುತ್ತದೆ. ಆ ಕೆಲವೇ ಸೆಕೆಂಡುಗಳಲ್ಲಿ ಗುಂಡಿ ಒತ್ತಬೇಕು. ಹೊತ್ತು ಸರಿಯಾಗಿ ಹಿಡಿದರೆ ಮಿನುಗು ಒಮ್ಮೆಲೇ ಜೋರಾಗುತ್ತದೆ, ರೂಟರ್ ನಮ್ಮ ಸೆಟ್ಟಿಂಗನ್ನು ಮುಟ್ಟದೆ ಎದ್ದು ಕೂರುತ್ತದೆ. ಮೊದಲ ಸಲ ಬೇಗ ಒತ್ತಿದೆ, ಎರಡನೇ ಸಲ ತಡವಾಯಿತು, ಮೂರನೆಯದು ಏನಾಯಿತೋ ತಿಳಿಯಲಿಲ್ಲ. ನಾಲ್ಕನೇ ಸಲ ಕಾಕಾ ಪ್ಲಗ್ ಹಾಕಲು ನಿಂತರು. ಅಪ್ಪ ಕನ್ನಡಕ ಮತ್ತೆ ಏರಿಸಿಕೊಂಡು ದೀಪ ಕಾಯಲು ಬಗ್ಗಿದರು. “ಈಗ! ಈಗ ಒತ್ತು! ಹಾಂ, ನೋಡಲ್ಲೆ, ಎದಿ ಬಡಕೊಂಡಂಗ ಬಡಕೊಳ್ಳಾಕತ್ತೈತಿ!”

ಲ್ಯಾಪ್‌ಟಾಪಿಗೆ 192.168.1.2 ಅಂತ ಕೈಯಾರೆ ವಿಳಾಸ ಕೊಟ್ಟು 192.168.1.1ಕ್ಕೆ ಹೋದೆ. ಒಳಗೆ ಬಿಟ್ಟಿತು. ‘ಫಸ್ಟ್‌ಬೂಟ್’ ಅಂತ ಹೊಡೆದು ಹಳೆಯದೆಲ್ಲ ಅಳಿಸಿದೆ. ಎರಡು ನಿಮಿಷಕ್ಕೆ ರೂಟರ್ ಹುಟ್ಟಿದ ಕೂಸಿನಂತೆ ಎದ್ದಿತು. ಕೂಸಿಗೆ ಏನೂ ಗೊತ್ತಿರುವುದಿಲ್ಲ. ವೈಫೈ ಬಂದ್ ಇರುತ್ತದೆ, ಅದನ್ನು ನಾವೇ ಹಚ್ಚಬೇಕು. ಅದು ದೊಡ್ಡ ಕೆಲಸವಲ್ಲ. ಆದರೆ ಲೈನಿಗೆ ಲಾಗಿನ್ ಆಗುವ ಪಿಪಿಪಿಒಇ ಹೆಸರು, ಪಾಸ್‌ವರ್ಡ್ ಇಲ್ಲದೆ ಹೊರಗಿನ ನೆಟ್ ಬರುವುದಿಲ್ಲ. ಅವೆರಡೂ ಇದ್ದದ್ದು ಹಾಲು ಉಕ್ಕಿದಾಗ ನಾನು ಬಿಟ್ಟುಬಂದ ಬ್ಯಾಕಪ್ಪಿನಲ್ಲಿ. ಕೇಬಲ್ ಹುಡುಗನಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಅವನು ಎತ್ತುವುದು ಬಿಲ್ಲಿನ ದಿನ ಮಾತ್ರ. ಓಣಿಯ ಎಲ್ಲರ ವೈಫೈಗೂ ಒಂದರಿಂದ ಎಂಟರ ತನಕ ಪಾಸ್‌ವರ್ಡ್ ಇಟ್ಟವನೂ ಅವನೇ. ಇನ್ನು ನನ್ನ ತಮ್ಮ, ಪುಣೆಯಲ್ಲಿ ದೊಡ್ಡ ಸಾಫ್ಟ್‌ವೇರ್ ನೌಕರಿ, ಅವನಿಗೆ ಫೋನ್ ಮಾಡಿದರೆ “ಅಕ್ಕಾ, ಹೊಸಾದ ಒಂದು ತಗೊ” ಅಂದ.

“ಲೈನಿಂದ ಬೇಕೇನು?” ಅಂತ ಅಪ್ಪ ಎದ್ದರು. ಹಳೇ ಊರಿನ ಬಟ್ಟೆ ಅಂಗಡಿಯಲ್ಲಿ ಆಯುಷ್ಯವಿಡೀ ಕಿರ್ದಿ ಬರೆದವರು ಅವರು. ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ವಹಿಯೊಂದು ಈಗಲೂ ಕಪಾಟಿನಲ್ಲಿದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು, ಯಾರದೋ ಸೀಮಂತಕ್ಕೆ ಕೊಟ್ಟ ಖಣದ ರೊಕ್ಕ. ಅವುಗಳ ನಡುವೆ, ಲೈನ್ ಎಳೆದ ದಿನದ ಪುಟದಲ್ಲಿ, ಆ ಹುಡುಗ ಬಾಯಿಂದ ಹೇಳಿದ್ದನ್ನು ಅಪ್ಪ ನೀಲಿ ಶಾಯಿಯಲ್ಲಿ ಇಳಿಸಿಕೊಂಡಿದ್ದರು. ಅವರು ಒಂದೊಂದೇ ಅಕ್ಷರ ಓದಿದರು, ನಾನು ಹೊಡೆದೆ. ನಡುವೆ ಒಂದು ದುಂಡನೆಯ ಗುರುತು. ಸೊನ್ನೆಯೋ ಓ ಅಕ್ಷರವೋ? “ಕಿರ್ದಿಯಾಗ ನಾ ಸೊನ್ನಿಗೆ ನಡುವ ಚುಕ್ಕಿ ಇಡತೀನಿ. ಇದಕ್ಕ ಇಲ್ಲ. ಇದು ಓ.” ಓ ಹೊಡೆದೆ. ನೆಟ್ ಬಂತು.

ಹನ್ನೊಂದು ದಾಟಿತ್ತು. ಪುಣೆಯಲ್ಲಿ ಕೂಸು ಮಲಗಿತ್ತು.

ಹಾಸಿಗೆಯಲ್ಲಿ ಬಿದ್ದುಕೊಂಡು ಅಪ್ಪನಿಗೆ ಕೊಡಬೇಕಿದ್ದ ಉತ್ತರಗಳನ್ನೆಲ್ಲ ಹೊಸೆದೆ. ಕಿಲ್ಲಾ ಓಣಿಯ ಮನೆಯ ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ನೀವೇ ಆಳು ಹಚ್ಚಿ ಮಣ್ಣು ಹಾಕಿಸಿ ತುಳಿಸುತ್ತಿದ್ದಿರಲ್ಲ, ಆಗ ಅದೂ ಛಲೋ ನಡದಿತ್ತಲ್ಲ, ಯಾಕ ಮುಟ್ಟುತ್ತಿದ್ದಿರಿ? ಪಕ್ಕಾ ವಾದ ಅನ್ನಿಸಿತು. ಬೆಳಿಗ್ಗೆ ಚಹಾ ಕೊಡುವಾಗ ಹೇಳೇಬಿಡಬೇಕು ಅಂತಿದ್ದೆ.

ಬೆಳಿಗ್ಗೆ ಅಪ್ಪ ಪೇಪರಿನಲ್ಲಿ ಆಲಮಟ್ಟಿ ಅಣೆಕಟ್ಟಿನ ಸುದ್ದಿ ಓದುತ್ತಿದ್ದರು. ಈಗ ನೀರು ನಿಲ್ಲುವುದು 519.60 ಮೀಟರಿಗೆ. ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256ಕ್ಕೆ ಏರಿಸಲು ಒಪ್ಪಿದ ಮೇಲೆ ಅದರ ಮಾತು ಈ ಜಿಲ್ಲೆಯಲ್ಲಿ ನಿಂತೇ ಇಲ್ಲ. ಅಪ್ಪನಿಗೆ ನನ್ನ ಫೋನ್ ನಂಬರ್ ಬಾಯಿಪಾಠವಿಲ್ಲ, ಆ ದಶಾಂಶದ ಮೂರೂ ಅಂಕಿ ಗೊತ್ತು. ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದಾಗ ನಾನು ಸಣ್ಣವಳು. ಅಗಲ ರಸ್ತೆ, ಸೈಕಲ್ ಹೊಡೆಯಬಹುದು ಅನ್ನುವ ಸಂಭ್ರಮವಷ್ಟೇ ನನಗೆ ನೆನಪು. ಅಪ್ಪ ಇವತ್ತಿಗೂ ಆಟೋದವನಿಗೆ ಸೆಕ್ಟರ್ ನಂಬರ್ ಹೇಳುವುದಿಲ್ಲ. ಹಳೇ ಊರಿನ ಗುರುತುಗಳಿಂದ ಶುರುಮಾಡಿ ಸುತ್ತಿಸಿಕೊಂಡು ಬರುತ್ತಾರೆ. ಹುಡುಗ ಆಟೋದವರು ಕಣ್ಣು ಬಿಡುತ್ತಾರೆ.

ಪೇಪರ್ ಮಡಚುತ್ತ, ನನ್ನ ಕಡೆ ನೋಡದೆ, ಅಪ್ಪ ಅಂದರು: “ಛಲೋ ನಡದಿತ್ತು.”

ನಾನು ಚಹಾ ಇಟ್ಟು ಒಳಗೆ ಹೋದೆ. ಮಾಳಿಗೆಯ ವಾದ ನಾಲಿಗೆಯ ಮೇಲೇ ಉಳಿಯಿತು. ಮಾಳಿಗೆಗೆ ಮಣ್ಣು ಹಾಕಿಸಿದವರು ಅವರು. ಮನೆ ಮುಟ್ಟಿದವರು ಬೇರೆ. ರವಿವಾರ ಕೇಳಿದ ಪ್ರಶ್ನೆಯಲ್ಲಿ ನನ್ನ ಪಾಲೆಷ್ಟು, ಬೇರೆಯವರದೆಷ್ಟು ಅಂತ ಬಿಡಿಸಲು ನಾಲ್ಕು ದಿನದಿಂದ ನೋಡುತ್ತಿದ್ದೇನೆ.

ಸೋಮವಾರ ಸಂಜೆ ವಿಡಿಯೋ ಕಾಲ್ ಆಯಿತು. ಕೂಸು ಹೊಸದಾಗಿ ಬಿದ್ದ ಹಲ್ಲಿನ ಜಾಗ ತೋರಿಸಿತು. ಕಾಕಾನಿಗೆ ಗೆಸ್ಟ್ ವೈಫೈ ಬೇರೆ ಮಾಡಿಕೊಟ್ಟೆ. ನಿನ್ನೆ ರಾತ್ರಿ ನೋಡಿದರೆ ಅಪ್ಪ ವಹಿ ತೆಗೆದು ಬರೆಯುತ್ತಿದ್ದರು. ತಾರೀಖು, ಹೊಸ ಪಾಸ್‌ವರ್ಡ್, ಮುಂದೆ 24.10. ಸೊನ್ನೆಯ ನಡುವೆ ಚುಕ್ಕಿ.

“ಇದು ಮತ್ತ ಬದಲಾಗತೈತೇನು?”

“ಹೂಂ ಅಪ್ಪಾ, ಸಣ್ಣ ಸಣ್ಣವು ಬರ್ತನ ಇರತಾವ.”

ಪೆನ್ನಿನ ಟೋಪಿ ಹಾಕಿದರು. “ಹಂಗಾರ ರವಿವಾರ ಬ್ಯಾಡ.”