ಯಾವುದರಿಂದ ಚಿಗುರಿತು?

ಉಡುಪಿ ಕಡೆಯ ಒಂದು ಡಿಗ್ರಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ನಾನು ಲ್ಯಾಬ್ ಸಹಾಯಕಿ. ಪ್ರಾಕ್ಟಿಕಲ್‌ಗೆ ಬೇಕಾದ ಗಿಡ, ಸ್ಲೈಡು, ಗಾಜಿನ ಸಾಮಾನು ಹೊಂದಿಸಿಡುವುದು ನನ್ನ ಕೆಲಸ. ಅದರಲ್ಲಿ ಪ್ರತಿ ವರ್ಷ ಕಾಡುತ್ತಿದ್ದದ್ದು ಸನ್‌ಡ್ಯೂ. ಎಲೆಯ ಮೇಲೆ ಇಬ್ಬನಿಯ ಹಾಗೆ ಅಂಟು ಹನಿ ಇಟ್ಟುಕೊಂಡು ಹುಳ ಹಿಡಿಯುವ ಗಿಡ.

ಮಳೆ ಕಡಿಮೆಯಾಗುವ ಹೊತ್ತಿಗೆ ನಮ್ಮ ಪದವುಗಳಲ್ಲೇ, ಅಂದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಯಲುಗಳಲ್ಲೇ, ಇದರ ಎರಡು ಜಾತಿ ಸಿಗುತ್ತವೆ. ಡ್ರೊಸೆರಾ ಬರ್ಮಾನಿ ನೆಲಕ್ಕೆ ಅಂಟಿಕೊಂಡು ಅಂಗಿಯ ಕೆಂಪು ಗುಂಡಿಯ ಹಾಗೆ ಕಾಣುತ್ತದೆ. ಡ್ರೊಸೆರಾ ಇಂಡಿಕಾ ಎದ್ದು ನಿಂತಿರುತ್ತದೆ. ಮೊದಲೆಲ್ಲ ಅಲ್ಲಿಂದಲೇ ಕಿತ್ತು ತರುತ್ತಿದ್ದೆವು. ಲ್ಯಾಬಿಗೆ ಬರುವಷ್ಟರಲ್ಲಿ ಹನಿ ಒಣಗಿರುತ್ತಿತ್ತು, ವಾರದಲ್ಲಿ ಗಿಡವೂ ಹೋಗುತ್ತಿತ್ತು. ಕಲ್ಲು ಕಡಿದು ಕಡಿದು ಪದವೇ ಸಣ್ಣದಾಗುತ್ತಿರುವಾಗ, ಒಂದು ಗಂಟೆಯ ಕ್ಲಾಸಿಗೆ ಹೀಗೆ ಕಿತ್ತು ತರುವುದು ನನಗೆ ತುಂಬಾ ಬೇಜಾರು.

ಕಳೆದ ವರ್ಷ ನಮ್ಮ ಮೇಡಂ ಒಂದು ಕುಂಡ ತಂದು ಕೊಟ್ಟರು. ಡ್ರೊಸೆರಾ ಕೇಪೆನ್ಸಿಸ್, ದಕ್ಷಿಣ ಆಫ್ರಿಕಾದ ಕೇಪ್ ಕಡೆಯ ಗಿಡ. "ಇದರ ಎಲೆ ನೀರಿಗೆ ಹಾಕಿದರೆ ಸಸಿ ಬರುತ್ತದೆ, ಮಾಡಿ ನೋಡಿ" ಅಂದರು.

ಮೊದಲ ಸಲ ಕೆಳಗಿನ ಎಲೆ ಕತ್ತರಿಸಿದೆ, ಗಿಡಕ್ಕೆ ನಷ್ಟ ಬೇಡ ಅಂತ. ಗಾಜಿನ ಬಾಟಲಿಗೆ ಹಾಕಿ, ಸ್ಟಾಫ್ ರೂಮಿನ ಫಿಲ್ಟರ್ ನೀರು ತುಂಬಿಸಿ, ಮುಚ್ಚಳ ಹಾಕಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟೆ. ಎಲ್ಲಾ ಕಪ್ಪಾಯಿತು.

ಎರಡನೇ ಸಲ ಎಲ್ಲವನ್ನೂ ಬದಲಾಯಿಸಿದೆ. ಪೂರ್ತಿ ಬಿಚ್ಚಿಕೊಂಡ ಹೊಸ ಎಲೆ, ಡಿಸ್ಟಿಲ್ಡ್ ವಾಟರ್, ನೇರ ಬಿಸಿಲಿಲ್ಲದ ಬೆಳಕು. ನಾಲ್ಕನೇ ವಾರಕ್ಕೆ ಸಸಿ ಬಂತು. ಓಡಿಹೋಗಿ ಮೇಡಂಗೆ ತೋರಿಸಿದೆ. ಅವರು ಖುಷಿಯಾಗಿ ನೋಡಿ, "ಯಾವುದರಿಂದ ಚಿಗುರಿತು?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನೀರಿನಿಂದ ಇರಬೇಕು ಅಂದೆ. "ಇರಬೇಕು ಅಂದರೆ ಮಕ್ಕಳಿಗೆ ಏನಂತ ಹೇಳಿಕೊಡೋಣ?" ಅಂದರು. ಬೈದದ್ದಲ್ಲ, ಮೆತ್ತಗೆ ಹೇಳಿದ್ದು. ಆದರೆ ಆ ಮಾತು ಮನೆ ತನಕ ಜೊತೆಗೆ ಬಂತು.

ಮೂರನೇ ಸಲ ನಾಲ್ಕು ಬಾಟಲಿ ಇಟ್ಟೆ. ಮೂರು ಒಳ್ಳೆಯ ಎಲೆ ತೆಗೆದು, ಒಂದೊಂದನ್ನೂ ಬ್ಲೇಡಿನಿಂದ ಮೂರು ತುಂಡು ಮಾಡಿ, ಮೊದಲ ಮೂರು ಬಾಟಲಿಗೂ ಪ್ರತಿ ಎಲೆಯ ಒಂದು ತುಂಡು ಸಿಗುವ ಹಾಗೆ ಹಂಚಿದೆ. ಒಂದನೆಯದು ಹಿಂದಿನ ಸಲದ ಹಾಗೆಯೇ. ಎರಡನೆಯದಕ್ಕೆ ಫಿಲ್ಟರ್ ನೀರು ಮಾತ್ರ ಬೇರೆ. ಮೂರನೆಯದಕ್ಕೆ ಬಿಸಿಲು ಮಾತ್ರ ಬೇರೆ. ನಾಲ್ಕನೆಯದಕ್ಕೆ ಹಳೆ ಎಲೆಯ ಮೂರು ತುಂಡು. ಬಾಟಲಿಯ ಮೇಲೆ ಚೀಟಿ ಅಂಟಿಸಿ ತಾರೀಖು ಬರೆದೆ.

ಮೊದಲು ಹೋದದ್ದು ಬಿಸಿಲಿನ ಬಾಟಲಿ. ನಾಲ್ಕನೇ ದಿನಕ್ಕೇ ತುಂಡುಗಳು ಬೆಂದ ಸೊಪ್ಪಿನ ಹಾಗಾದವು. ಮುಟ್ಟಿ ನೋಡಿದರೆ ಬಾಟಲಿಯೇ ಬಿಸಿ. ಬೇರಿಲ್ಲದ, ಹುಳ ಹಿಡಿಯಲಾಗದ ಎಲೆತುಂಡಿಗೆ ಊಟ ಬರುವುದು ಬೆಳಕಿನಿಂದಲೇ, ಅದು ಬೇಕೇ ಬೇಕು. ಆದರೆ ಮುಚ್ಚಿದ ಗಾಜಿನೊಳಗೆ ನಮ್ಮ ಕರಾವಳಿಯ ಬಿಸಿಲು ಬಿದ್ದರೆ ನೀರು ಕಾಯುತ್ತದೆ. ನಾನು ನೀರಿನ ಮೇಲೆ ತಪ್ಪು ಹೊರಿಸಿ ಕೂತಿದ್ದೆ, ಜಾಸ್ತಿ ಕೆಡಿಸಿದ್ದು ಕಿಟಕಿ.

ಫಿಲ್ಟರ್ ನೀರಿನದು ಬೇರೆ ಕತೆ. ತುಂಡು ತಕ್ಷಣ ಸಾಯಲಿಲ್ಲ. ಹಸಿರು ಪಾಚಿ ಕಟ್ಟಿಕೊಂಡು, ಒಂದರಲ್ಲಿ ಚಿಗುರು ಬಂದು ಅಲ್ಲೇ ನಿಂತಿತು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ 140 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 140 ಭಾಗ. ಕುಡಿಯಲು ಒಳ್ಳೆಯ ನೀರೇ. ಆದರೆ ಸಾರವಿಲ್ಲದ ಜೌಗು ನೆಲದಲ್ಲಿ ಬೆಳೆದ ಗಿಡಕ್ಕೆ ಅಷ್ಟು ಲವಣ ಬೇಡ. 50ರ ಒಳಗಿದ್ದರೆ ನಿಶ್ಚಿಂತೆ. ಕುಂಡಕ್ಕೆ ಹೋದ ಮೇಲಂತೂ ಇನ್ನೂ ಜಾಗ್ರತೆ ಬೇಕು, ನೀರು ಆರಿದರೂ ಲವಣ ಅಲ್ಲೇ ಉಳಿದು ಕೂಡುತ್ತಾ ಹೋಗುತ್ತದೆ. ಈಗ ನಾನು ಮಳೆನೀರು ಹಿಡಿದಿಡುತ್ತೇನೆ. ಕ್ಯಾನಿನ ಮೇಲೆ ಏನೇ ಬರೆದಿರಲಿ, ಮೀಟರ್ ಅದ್ದದೆ ಬಳಸುವುದಿಲ್ಲ.

ಹಳೆ ಎಲೆಯಲ್ಲಿ ಎರಡು ಕೊಳೆತವು, ಒಂದು ತುಂಬಾ ತಡವಾಗಿ ಚಿಗುರಿತು. ಒಂದನೇ ಬಾಟಲಿಯ ಮೂರೂ ತುಂಡು ಸಸಿ ಕೊಟ್ಟವು.

ಅದನ್ನು ಕೈಲೆನ್ಸ್ ಹಿಡಿದು ನೋಡಬೇಕು. ಎಲೆಯಲ್ಲಿ ಕೂದಲಿನಂಥ ಗ್ರಂಥಿಗಳಿರುವ ಮೇಲ್ಮೈಯಲ್ಲಿ ಮೊದಲು ಗಸಗಸೆ ಕಾಳಿನಷ್ಟು ಹಸಿರು ಉಬ್ಬು. ವಾರ ಕಳೆದರೆ ಅದೇ ಉಬ್ಬು ಬಿಚ್ಚಿಕೊಂಡು ಎರಡು ಮೂರು ಪುಟ್ಟ ಎಲೆ. ಅದರ ಅಂಚಲ್ಲೂ ಆಗಲೇ ಕೆಂಪು ತಲೆಯ ಕೂದಲು! ತಾಯಿ ಎಲೆ ಕಂದಾಗುತ್ತಾ ಬಂದಿರುತ್ತದೆ, ಮರಿ ಹಸಿರಾಗುತ್ತಾ ಹೋಗುತ್ತದೆ. ನೀರಿನೊಳಗೆ ಇರುವ ತನಕ ಹನಿ ಮಾತ್ರ ಕಾಣುವುದಿಲ್ಲ.

ಬೇರು ಕಂಡ ಮೇಲೆ ಪೀಟ್ ಮಾಸ್ (ಜೌಗಿನ ಹಾವಸೆ ಕೊಳೆತು ಆದ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸಿದ ಕುಂಡಕ್ಕೆ ಹಾಕಿದೆ. ಗೊಬ್ಬರ ಇಲ್ಲ. ಸಸಿಯನ್ನು ಎಲೆಯಿಂದ ಕೀಳಲು ಹೋಗಬಾರದು, ತುಂಡಿನ ಸಮೇತ ಮಲಗಿಸಿದರೆ ಸಾಕು. ಮೇಲೆ ಪ್ಲಾಸ್ಟಿಕ್ ಲೋಟ ಮಗುಚಿ, ದಿನಕ್ಕೆ ಸ್ವಲ್ಪ ಸ್ವಲ್ಪ ಎತ್ತುತ್ತಾ ಹೊರಗಿನ ಗಾಳಿ ಅಭ್ಯಾಸ ಮಾಡಿಸಿದೆ. ಕುಂಡ ಮಳೆನೀರಿನ ತಟ್ಟೆಯಲ್ಲೇ ನಿಂತಿರುತ್ತದೆ.

ಇದೇ ಉಪಾಯ ನಮ್ಮ ಪದವಿನ ಬರ್ಮಾನಿಗೆ ಅಷ್ಟಾಗಿ ಒಗ್ಗುವುದಿಲ್ಲ. ಅದು ಬೇಗ ಹೂಬಿಟ್ಟು, ಬೀಜ ಉದುರಿಸಿ ಮುಗಿಯುವ ಗಿಡ, ಬೀಜದಿಂದಲೇ ಸುಲಭ. ಅದನ್ನು ಅಲ್ಲೇ ಹೋಗಿ ನೋಡುವುದು ಅಂತ ಈಗ ಮೇಡಂ ನಿರ್ಧರಿಸಿದ್ದಾರೆ.

ಲೋಟ ಪೂರ್ತಿ ತೆಗೆದ ಮೇಲೆ ಒಂದು ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದಾಗ, ಕಡಲೆ ಬೇಳೆಯಷ್ಟೂ ಇಲ್ಲದ ಆ ಸಸಿಯ ಒಂದು ಕೂದಲ ತುದಿಯಲ್ಲಿ ಹನಿ ನಿಂತಿತ್ತು. ಮೇಡಂ ಬರುವ ತನಕ ಕಾಯದೆ ಫೋನ್ ಮಾಡಿದೆ.