ಬೇಡ್ಸೆ, ಭಾಜೆ, ಕಾರ್ಲೆ: ಬನವಾಸಿಯವನು ಕೊರೆಸಿದ ಕಲ್ಲಿನ ಮನೆಗೆ

ಪುಣೆಯಲ್ಲಿರುವ ನಮ್ಮವರಿಗೆ ಲೋನಾವಳ ಅಂದರೆ ಮಳೆ, ಭುಶಿ ಡ್ಯಾಮ್, ಚಿಕ್ಕಿ ಅಷ್ಟೇ. ಆದರೆ ಅದೇ ದಾರಿಯಲ್ಲಿ, ಹಳೇ ಹೈವೇಯಿಂದ ಸ್ವಲ್ಪ ಒಳಗೆ, ಹತ್ತಿರಹತ್ತಿರ ಎರಡು ಸಾವಿರ ವರ್ಷದ ಹಿಂದೆ ಬನವಾಸಿಯ ವ್ಯಾಪಾರಿಯೊಬ್ಬ ದುಡ್ಡು ಹಾಕಿ ಕೊರೆಸಿದ ಕಲ್ಲಿನ ಮನೆ ಇದೆ. ಅವನ ಹೆಸರೂ ಊರೂ ಇವತ್ತಿಗೂ ಅಲ್ಲಿನ ಗೋಡೆಯ ಮೇಲಿವೆ. ಕನ್ನಡದವರು ಮಕ್ಕಳನ್ನು ಕರೆದುಕೊಂಡು ಒಮ್ಮೆಯಾದರೂ ಅಲ್ಲಿಗೆ ಹೋಗಲೇಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಿರಸಿಯಿಂದ ಅಪ್ಪ ಅಮ್ಮ ಬಂದಿದ್ದರು. ನಾನು, ನನ್ನ ಗಂಡ, ಮಗ, ಮಗಳು, ಅಪ್ಪ, ಅಮ್ಮ, ಎಲ್ಲರೂ ಒಂದೇ ಗಾಡಿಯಲ್ಲಿ ಬೆಳಿಗ್ಗೆ ಬೇಗ ಕೋಥ್ರೂಡಿನಿಂದ ಹೊರಟೆವು. ಮೊದಲು ಬೇಡ್ಸೆ, ಆಮೇಲೆ ಭಾಜೆ, ಕೊನೆಗೆ ಕಾರ್ಲೆ. ಮೂರೂ ಬಂಡೆ ಕೊರೆದು ಮಾಡಿದ ಬೌದ್ಧ ಗುಹೆಗಳು. ಈ ಕ್ರಮ ಸುಮ್ನೆ ಇಟ್ಟುಕೊಂಡಿದ್ದಲ್ಲ. ಬೇಡ್ಸೆ ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ನೇರ ಒಳಗೆ ಬೀಳುತ್ತದೆ. ಭಾಜೆ, ಕಾರ್ಲೆ ಎರಡೂ ಪಶ್ಚಿಮಕ್ಕೆ ಇವೆ, ಅಲ್ಲಿಗೆ ಮಧ್ಯಾಹ್ನದ ಮೇಲೆ ಹೋದರೇ ಚೆಂದ. ಗುಹೆಯಲ್ಲಿ ಬೆಳಕಿದ್ದರೆ ತಾನೇ ನೋಡೋದಕ್ಕೆ ಏನಾದರೂ ಸಿಗೋದು?

ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ಹೈವೇಯಲ್ಲೇ ಹೋಗಿ. ತಳೇಗಾಂವ್ ದಾಟಿದ ಮೇಲೆ ಎರಡೂ ಕಡೆ ಗುಡ್ಡಗಳು ಶುರುವಾಗುತ್ತವೆ. ಅವುಗಳ ಆಕಾರ ನೋಡಿ. ನೆತ್ತಿ ಚಪ್ಪಟೆ, ಮೈಯೆಲ್ಲ ಅಡ್ಡ ಪಟ್ಟಿ ಪಟ್ಟಿ. ಜೋಳದ ರೊಟ್ಟಿ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಇದಿಷ್ಟೂ ಲಾವಾ ಅಂದಾಗ ಮಗ ನಂಬಲಿಲ್ಲ. "ಹಾಗಾದ್ರೆ ಬಾಯಿ ಎಲ್ಲಿದೆ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಚಿತ್ರದಲ್ಲಿ ಕಾಣುವ ಹಾಗೆ ತುದಿಯಲ್ಲಿ ಹೊಗೆ ಉಗುಳುವ ಬೆಟ್ಟ ಇದಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ ಇಲ್ಲಿ ನೆಲವೇ ಉದ್ದುದ್ದ ಬಿರುಕು ಬಿಟ್ಟು, ಆ ಬಿರುಕುಗಳಿಂದ ತೆಳು ಲಾವಾ ಉಕ್ಕಿ ಹರಿದು ಹರಡಿತು. ಆರಿತು. ಮತ್ತೆ ಉಕ್ಕಿತು. ಹೀಗೆ ಪದರದ ಮೇಲೆ ಪದರ ಬಿದ್ದು, ಸಹ್ಯಾದ್ರಿಯ ಈ ಭಾಗದಲ್ಲಿ ಕೆಲವು ಕಡೆ ಎರಡು ಕಿಲೋಮೀಟರಿಗೂ ದಪ್ಪವಾಯಿತು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪುಕಲ್ಲೂ ಇದರದ್ದೇ. ಗೋಳಗುಮ್ಮಟ ಕಟ್ಟಿದ ಕಲ್ಲು ಇದೇ, ಅಲ್ಲಿನ ಎರೆಮಣ್ಣು ಈ ಕಲ್ಲು ಸವೆದು ಆದದ್ದು.

ರಸ್ತೆಗಾಗಿ ಗುಡ್ಡ ಕಡಿದ ಒಂದು ಕಡೆ ಗಾಡಿ ನಿಲ್ಲಿಸಿದೆವು. ಎರಡು ಕಪ್ಪು ಪದರಗಳ ನಡುವೆ ಒಂದು ಕೆಂಪು ಗೆರೆ. ಒಂದು ಲಾವಾಕ್ಕೂ ಮುಂದಿನದ್ದಕ್ಕೂ ನಡುವೆ ಸಾಕಷ್ಟು ಕಾಲ ಸಿಕ್ಕಾಗ ಮೇಲ್ಭಾಗ ಗಾಳಿಮಳೆಗೆ ಸವೆದು ಮಣ್ಣಾಗಿ, ಆಮೇಲೆ ಬಂದ ಲಾವಾ ಅದನ್ನು ಮುಚ್ಚಿಬಿಟ್ಟಿದೆ. ಅಲ್ಲೇ ಕಲ್ಲಿನಲ್ಲಿ ಕಡಲೆಕಾಳಿನಷ್ಟು ತೂತುಗಳು, ಕೆಲವದರಲ್ಲಿ ಬಿಳಿ ಹರಳು. ಲಾವಾದೊಳಗಿನ ಗಾಳಿಗುಳ್ಳೆ ಹಾಗೇ ಗಟ್ಟಿಯಾಗಿ, ಆಮೇಲೆ ನೀರಿನ ಜೊತೆ ಬಂದ ಖನಿಜ ಅದರಲ್ಲಿ ಹರಳಾಗಿ ಕೂತದ್ದು. ಜಿಯೋಲೈಟ್ ಅನ್ನುತ್ತಾರೆ. ಪುಣೆ ಸುತ್ತಲಿನ ಜಿಯೋಲೈಟ್‌ಗಳಿಗೆ ಜಗತ್ತಿನಾದ್ಯಂತ ಹೆಸರಿದೆ, ವಾಘೋಲಿಯ ಕಲ್ಲಿನ ಕ್ವಾರಿಗಳಲ್ಲಿ ಕಡುನೀಲಿ ಕ್ಯಾವನ್‌ಸೈಟ್ ಕೂಡ ಸಿಕ್ಕಿದೆ. ಮಗಳು ಆ ಹರಳಿನ ಮೇಲೆ ಬೆರಳಿಟ್ಟು ನಿಂತವಳು ಅಲ್ಲಿಂದ ಕದಲಲು ತಯಾರಿರಲಿಲ್ಲ.

ಕಾಮ್‌ಶೇತ್‌ನಲ್ಲಿ ಮಿಸಳ್, ಚಹಾ ಮುಗಿಸಿ ಎಡಕ್ಕೆ ಪವನಾ ಕಡೆಯ ರಸ್ತೆ ಹಿಡಿದರೆ ಬೇಡ್ಸೆ. ಮೆಟ್ಟಿಲು ಜಾಸ್ತಿ. ಅಮ್ಮ ಕೆಳಗೆ ಮರದ ನೆರಳಲ್ಲೇ ಕೂತರು. ಜನ ಇರಲಿಲ್ಲ. ಗುಡಿಯ ಮುಂದಿನ ಬಂಡೆಯನ್ನು ಪೂರ್ತಿ ತೆಗೆಯದೆ ಬಿಟ್ಟಿದ್ದಾರೆ, ಅದರ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಒಳಗೆ ಹೋಗಬೇಕು. ಹೋದ ತಕ್ಷಣ ಎತ್ತರದ ಕಂಬಗಳು, ಕಂಬದ ತಲೆಯ ಮೇಲೆ ಆನೆ, ಕುದುರೆ ಏರಿ ಕೂತ ಗಂಡುಹೆಣ್ಣು. ಬೆಳಗಿನ ಬಿಸಿಲಲ್ಲಿ ಆ ಹೆಂಗಸರ ಕಾಲಿನ ಕಡಗದ ಗೆರೆಗಳೂ ಕಾಣುತ್ತಿದ್ದವು.

ಭಾಜೆಗೆ ಬರುವಾಗ ಮಧ್ಯಾಹ್ನ ದಾಟಿತ್ತು. ಮಳವಳಿ ಸ್ಟೇಷನ್ ಹತ್ತಿರ ರೈಲು ಹಳಿ ದಾಟಿ ಹೋಗುವ ಊರು. ಇಲ್ಲಿ 22 ಗುಹೆಗಳಿವೆ, ಮೂವರಲ್ಲಿ ಇದೇ ಹಿರಿಯಣ್ಣ, ಕ್ರಿಸ್ತಪೂರ್ವ ಎರಡನೇ ಶತಮಾನದ್ದು. ಮಳೆಗಾಲದಲ್ಲಿ ಮೂರು ತಿಂಗಳು ಬೌದ್ಧ ಭಿಕ್ಷುಗಳು ಊರೂರು ಅಲೆಯುವಂತಿರಲಿಲ್ಲ, ಒಂದೇ ಕಡೆ ನೆಲೆ ನಿಲ್ಲಬೇಕಿತ್ತು. ಈ ಘಟ್ಟದ ಮಳೆ ಗೊತ್ತಲ್ವಾ? ಕಲ್ಲಿನ ಮನೆಯೇ ಬೇಕು. ಮೇಲಾಗಿ ಇದು ಕೊಂಕಣದ ಬಂದರುಗಳಿಂದ ಘಟ್ಟ ಹತ್ತಿ ಬರುವ ವ್ಯಾಪಾರದ ದಾರಿ. ಇಲ್ಲಿ ಹಾದುಹೋಗುವ ವರ್ತಕರೇ ದಾನ ಕೊಡುವವರು.

ಭಾಜೆಯಲ್ಲಿ ದೊಡ್ಡ ಗುಡಿಯೊಂದನ್ನೇ ನೋಡಿ ಇಳಿಯಬೇಡಿ. ಪಕ್ಕದ ಸಣ್ಣ ಕೋಣೆಗಳಿಗೆ ಹೋಗಿ. ಒಬ್ಬ ಮನುಷ್ಯ ಕಾಲು ಚಾಚಿದರೆ ಮುಗಿಯಿತು, ಅಷ್ಟೇ ಜಾಗ. ಮಲಗಲು ಕಲ್ಲಿನದೇ ಜಗಲಿ. ಬಾಗಿಲ ಚೌಕಟ್ಟಿನಲ್ಲಿ ಮೇಲೆ ಕೆಳಗೆ ತೂತುಗಳಿವೆ, ಮರದ ಬಾಗಿಲು ತಿರುಗುತ್ತಿದ್ದ ಜಾಗ. ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ ಓರೆಯಾಗಿ ಹಿಡಿದರೆ ಉಳಿಯ ಏಟುಗಳು ಒಂದೊಂದೂ ಎದ್ದು ಕಾಣುತ್ತವೆ, ಎಲ್ಲವೂ ಒಂದೇ ಕಡೆಗೆ ಓರೆಯಾಗಿ. ಮೇಲಿನಿಂದ ಕೆಳಕ್ಕೆ ಕೊರೆಯುತ್ತ ಬರುತ್ತಿದ್ದರು, ಮೊದಲು ಚಾವಣಿ, ಕೊನೆಗೆ ನೆಲ. ಹಾಗಾಗಿ ಅಟ್ಟಣೆ ಕಟ್ಟುವ ಗೋಜು ಕಮ್ಮಿ. ಕೊರೆಯಲು ಬಿರುಕಿಲ್ಲದ ದಪ್ಪ ಪದರ ಬೇಕು, ಎಲ್ಲೆಂದರಲ್ಲಿ ಆಗುವುದಿಲ್ಲ. ದಾರಿಯಲ್ಲಿ ಕಂಡ ಆ ಅಡ್ಡ ಪಟ್ಟಿಗಳಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಅಂತ ಆ ಕಲ್ಲುಕುಟಿಗರಿಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಬಂಡೆಯಲ್ಲೇ ತೋಡಿದ ನೀರಿನ ಟಾಕೆಗಳಿವೆ, ನಾವು ಹೋದಾಗಲೂ ತುಂಬಿದ್ದವು.

ದೊಡ್ಡ ಗುಡಿಯ ಕಂಬಗಳು ಸ್ವಲ್ಪ ಒಳಕ್ಕೆ ವಾಲಿವೆ. ನನ್ನ ಗಂಡ ಸಿವಿಲ್ ಇಂಜಿನಿಯರ್, ಅವರ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಮರದ ಮನೆಯಲ್ಲಿ ಮಾಡಿನ ಭಾರ ಕಂಬವನ್ನು ಹೊರಕ್ಕೆ ತಳ್ಳುತ್ತದೆ, ಅದಕ್ಕೇ ಕಂಬವನ್ನು ಒಳಕ್ಕೆ ವಾಲಿಸಿ ನಿಲ್ಲಿಸುತ್ತಾರೆ. ಒಂದೇ ಬಂಡೆಯಲ್ಲಿ ಕೊರೆಯುವಾಗ ಅದರ ಅಗತ್ಯವೇ ಇಲ್ಲ. ಆದರೂ ಬಡಗಿಯ ಲೆಕ್ಕವನ್ನೇ ಕಲ್ಲಿನಲ್ಲಿ ಇಳಿಸಿದ್ದಾರೆ.

ಕಾರ್ಲೆಗೆ ಹತ್ತುವ ದಾರಿಯುದ್ದಕ್ಕೂ ಹೂವು, ತೆಂಗಿನಕಾಯಿ, ಪೇಡೆ ಅಂಗಡಿಗಳು. ಗುಹೆಯ ಬಾಗಿಲಲ್ಲೇ ಏಕವೀರಾ ದೇವಿಯ ಗುಡಿ, ಮುಂಬೈ ಕಡೆಯ ಕೋಳಿ ಅನ್ನುವ ಮೀನುಗಾರ ಸಮುದಾಯದ ಕುಲದೇವಿ. ಅಮ್ಮ ಇಲ್ಲಿ ಮಾತ್ರ ಹಟ ಹಿಡಿದು ನಿಧಾನವಾಗಿ ಹತ್ತಿ ಬಂದು ಉಡಿ ತುಂಬಿದರು. ಆಮೇಲೆ ಗುಹೆಯೊಳಗೆ ಕಾಲಿಟ್ಟವರು ಏನೂ ಮಾತಾಡದೆ ಕಂಬಕ್ಕೆ ಕೈ ಊರಿ ತಲೆ ಎತ್ತಿ ನಿಂತುಬಿಟ್ಟರು. ಬಂಡೆಯಲ್ಲಿ ಕೊರೆದ ಚೈತ್ಯಗಳಲ್ಲಿ, ಅಂದರೆ ಬೌದ್ಧರ ಪ್ರಾರ್ಥನೆಯ ಗುಡಿಗಳಲ್ಲಿ, ದೇಶದಲ್ಲೇ ಅತಿ ದೊಡ್ಡದು ಇದು, ಸುಮಾರು 38 ಮೀಟರ್ ಉದ್ದ, 14 ಮೀಟರ್ ಎತ್ತರ. ಚಾವಣಿಯ ಕಮಾನಿನಲ್ಲಿ ಸಾಲಾಗಿ ಮರದ ಪಕ್ಕೆಗಳಿವೆ. ಅವು ಆ ಕಾಲದ್ದೇ ಮರ. ಕುದುರೆಲಾಳದ ಆಕಾರದ ದೊಡ್ಡ ಕಿಂಡಿಯಿಂದ ಸಂಜೆಯ ಬೆಳಕು ಒಳಗಿನ ಸ್ತೂಪದ ತನಕ ಬರುತ್ತದೆ.

ಒಳಗೂ ಹೊರಗೂ ಕಂಬ, ಗೋಡೆಗಳ ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ದಾನಿಗಳ ಹೆಸರು. ಧೇನುಕಾಕಟ ಅನ್ನುವ ಊರಿನ ಗಂಧದ ವ್ಯಾಪಾರಿ ಸಿಂಹದತ್ತ ಬಾಗಿಲು ಕೊಟ್ಟಿದ್ದಾನೆ. ಯವನರು, ಅಂದರೆ ಗ್ರೀಕ್ ಮೂಲದವರು, ಕೊಟ್ಟ ಕಂಬಗಳಿವೆ. ವರಾಂಡದ ಎಡಭಾಗದಲ್ಲಿ ಇರುವುದು ನಾನು ಮೊದಲು ಹೇಳಿದವನದ್ದು. ವೈಜಯಂತಿಯ ಶ್ರೇಷ್ಠಿ ಭೂತಪಾಲ, ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲುಮನೆಯನ್ನು ಪೂರ್ತಿಮಾಡಿಸಿದ ಅಂತ ಪ್ರಾಕೃತದಲ್ಲಿ ಬರೆದಿದೆ. ವೈಜಯಂತಿ ಅಂದರೆ ನಮ್ಮ ಬನವಾಸಿ ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಇವತ್ತು ಕಾರಿನಲ್ಲಿ ಬಂದರೂ ಇಡೀ ದಿನ ಹಿಡಿಯುವ ದಾರಿ. ಆ ಕಾಲದಲ್ಲಿ ಕೆಂಪು ಚಿರೆಕಲ್ಲಿನ ನಾಡಿನಿಂದ ಬಂದವನು ಈ ಕರಿಬಂಡೆಯ ಮೇಲೆ ಇಷ್ಟು ದುಡ್ಡು ಸುರಿದು, ಇದಕ್ಕಿಂತ ಉತ್ತಮವಾದದ್ದು ಇನ್ನೊಂದಿಲ್ಲ ಅಂತ ಬರೆಸಿದ. ಅವನು ಹೇಳಿದ್ದು ನಿಜ ಅಂತ ಆ ಚಾವಣಿಯ ಕೆಳಗೆ ನಿಂತಾಗ ನನಗೂ ಅನಿಸಿತು.

ಮಗ ಗೋಡೆಯ ಹತ್ತಿರ ಮುಖ ಇಟ್ಟು, "ಅಜ್ಜ, ಇಲ್ಲಿ ಪ್ಲಸ್ ಇದೆ!" ಅಂತ ಕೂಗಿದ.

"ಪ್ಲಸ್ ಅಲ್ದೋ ಮಾಣೀ, ಅದು ಕ," ಅಂದರು ಅಪ್ಪ.

ಬ್ರಾಹ್ಮಿಯ ಕ ನಿಜಕ್ಕೂ ಪ್ಲಸ್ ಗುರುತೇ. ನಮ್ಮ ಕ ಬೆಳೆದು ಬಂದದ್ದು ಅದರಿಂದಲೇ. ಅಪ್ಪ ಕನ್ನಡ ಮೇಷ್ಟ್ರಾಗಿದ್ದವರು. ಬನವಾಸಿ ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗಶಿಲ್ಪ ಇದೆ, ಅದರ ಮೇಲೂ ಪ್ರಾಕೃತದ ಬರಹ ಇದೆ, ಶಾಲೆಯ ಮಕ್ಕಳನ್ನು ಅವರು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಆಮೇಲೆ ಇಬ್ಬರು ಮೊಮ್ಮಕ್ಕಳೂ ಕಂಬದಿಂದ ಕಂಬಕ್ಕೆ ಕ ಹುಡುಕುತ್ತ ಓಡಿದರು. ಪುಣೆಯಲ್ಲಿ ಹುಟ್ಟಿದ ಮಕ್ಕಳು, ಮನೆಯಲ್ಲಿ ಕನ್ನಡ ಓದು ಅಂದರೆ ಮುಖ ತಿರುಗಿಸುವವರು. ಅವತ್ತು ಗ ಹೇಗಿತ್ತು, ಮ ಹೇಗಿತ್ತು ಅಂತ ಅವರೇ ಕೇಳಿ ಬರೆಸಿಕೊಂಡರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹೋಗುವವರಿಗೆ ಒಂದೆರಡು ಮಾತು. ಮಳೆಗಾಲದ ಶನಿವಾರ ಭಾನುವಾರ ಈ ದಾರಿಯಲ್ಲಿ ಗಾಡಿ ಅಲ್ಲಾಡುವುದಿಲ್ಲ, ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಚೈತ್ರದಲ್ಲಿ ಏಕವೀರಾ ಜಾತ್ರೆ, ಆಗ ಗುಹೆ ನೋಡೋಣ ಅಂತ ಹೋಗಬೇಡಿ. ಕಾರ್ಲೆಯನ್ನು ಕತ್ತಲಾಗುವ ತನಕ ತೆರೆದಿಡುವುದಿಲ್ಲ, ನಾಲ್ಕು ಗಂಟೆಗಾದರೂ ಮೇಲಿರಿ. ಟಾರ್ಚ್, ನೀರು, ಜಾರದ ಚಪ್ಪಲಿ ಇರಲಿ. ಇಷ್ಟು ದೂರ ಆಗದವರು ಪುಣೆಯಲ್ಲೇ ಜಂಗ್ಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರಕ್ಕಾದರೂ ಹೋಗಿ ಬನ್ನಿ, ಅದೂ ಇದೇ ಲಾವಾ ಬಂಡೆಯಲ್ಲಿ ಕೊರೆದದ್ದು, ರಾಷ್ಟ್ರಕೂಟರ ಕಾಲದ್ದು.

ನಮ್ಮ ಮನೆಯಲ್ಲಿ ಈಗ ಜುನ್ನರ್, ನಾಣೇಘಾಟ್ ಮಾತು ನಡೆದಿದೆ. ಶಾತವಾಹನ ರಾಣಿ ನಾಗನಿಕೆಯ ಶಾಸನ ಅಲ್ಲಿದೆ, ಅದರಲ್ಲಿ ಬ್ರಾಹ್ಮಿ ಅಂಕಿಗಳೂ ಇವೆ. ಅಕ್ಷರ ಆಯಿತು, ಇನ್ನು ಅಂಕಿ ಅಂತ ಮಗಳು ಅಜ್ಜನಿಗೆ ಫೋನ್ ಮಾಡಿ ಹೇಳಿದ್ದಾಳೆ. ಅಡಿಕೆ ಕೊಯ್ಲು ಮುಗಿದ ಮೇಲೆ ಬರುತ್ತೇನೆ ಅಂದಿದ್ದಾರೆ.