ಪುಷ್ಪಕ ಇಳಿದ ಬಯಲು, ಜಟಾಯು ಬಿದ್ದ ಬೆಟ್ಟ

ದಾವಣಗೆರೆಯಿಂದ ನಸುಕಿನಲ್ಲೇ ಹೊರಟ ಕಾರಿನಲ್ಲಿ ನಾವಿದ್ದದ್ದು ಇಬ್ಬರು, ಉದ್ದೇಶಗಳು ಎರಡು. ಎಪ್ಪತ್ತು ದಾಟಿದ ನನ್ನ ತಾಯಿಗೆ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರನಿಗೆ ಹೊತ್ತ ಹರಕೆಯನ್ನು ತೀರಿಸಬೇಕಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಬ್ರಹ್ಮಗಿರಿಯ ಅಶೋಕ ಶಾಸನವನ್ನೂ, ಸಾಧ್ಯವಾದರೆ ದೂರದಿಂದಲೇ ಚಳ್ಳಕೆರೆಯ ಪರೀಕ್ಷಾ ಬಯಲನ್ನೂ ನೋಡಬೇಕಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕೋಟೆಯನ್ನು ಇನ್ನೊಂದು ದಿನಕ್ಕೆ ಉಳಿಸಿ, ನಾವು ಚಳ್ಳಕೆರೆಯ ದಾರಿ ಹಿಡಿದೆವು.

ಚಳ್ಳಕೆರೆ ದಾಟಿ ನಾಯಕನಹಟ್ಟಿಯ ಕಡೆಗೆ ಹೊರಳಿದರೆ ನೆಲ ಚಪ್ಪಟೆಯಾಗುತ್ತದೆ, ಆಕಾಶ ದೊಡ್ಡದಾಗುತ್ತದೆ. ಶೇಂಗಾ ಕಿತ್ತ ಹೊಲಗಳು ಮುಗಿದು ಒಣಹುಲ್ಲಿನ ಕಾವಲು ತೊಡಗುತ್ತದೆ. ಅಮೃತಮಹಲ್ ದನಗಳು ಮೇಯುತ್ತಿದ್ದ ಈ ಕಾವಲಿನಲ್ಲಿ ಈಗ ಉದ್ದಾನುದ್ದ ಗೋಡೆಗಳಿವೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಇಸ್ರೊ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ರಕ್ಷಣಾ ಸಂಶೋಧನಾ ಸಂಸ್ಥೆಗಳಿಗೂ ಇದೇ ಸೀಮೆಯಲ್ಲಿ ಜಾಗ ಸಿಕ್ಕಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರದ ಓಡುದಾರಿ ಹೊರಗಿನವರಿಗೆ ಕಾಣುವುದಿಲ್ಲ. ಆದರೂ ಬೇಲಿಯ ಆಚೆಯ ಆಕಾಶವನ್ನೇ ನೋಡುತ್ತ ಬಹಳ ಹೊತ್ತು ನಿಂತೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಚಿನೂಕ್ ಹೆಲಿಕಾಪ್ಟರೊಂದು ಇಸ್ರೊದ ರೆಕ್ಕೆಯುಳ್ಳ ಮರುಬಳಕೆಯ ಉಡಾವಣಾ ವಾಹನವನ್ನು ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟದ್ದು ಇಲ್ಲಿಯೇ. ಚಾಲಕನಿಲ್ಲದ ಆ ವಾಹನ ತನ್ನ ದಾರಿಯನ್ನು ತಾನೇ ತಿದ್ದಿಕೊಳ್ಳುತ್ತ ಬಂದು ನೆಲ ಮುಟ್ಟಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಪ್ರಯೋಗ ಮರುಕಳಿಸಿತು. ಜೂನ್ ತಿಂಗಳಲ್ಲಿ ಅದು ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಇಳಿದು, ಹಿಂಬದಿಯ ಪ್ಯಾರಾಚೂಟಿನಿಂದ ವೇಗವನ್ನು ತಗ್ಗಿಸಿಕೊಂಡು ನಿಂತಿತು. ಅದಕ್ಕೆ ಇಟ್ಟ ಹೆಸರು ಪುಷ್ಪಕ.

ಹೆಸರನ್ನು ಕೇಳಿದ ಅಮ್ಮನ ಮುಖ ಅರಳಿತು. "ರಾವಣ ಸೀತೆಯನ್ನು ಒಯ್ದ ದಾರಿಯೂ ಇದೇ ಸೀಮೆಯ ಮೇಲೇ ಅಲ್ಲವೇ?" ಎಂದರು. ನಾವು ಹೋಗಬೇಕಿದ್ದ ಬೆಟ್ಟದ ಸ್ಥಳಪುರಾಣವೂ ಅದೇ: ರಾವಣನನ್ನು ತಡೆದ ಜಟಾಯು ರೆಕ್ಕೆ ಕಡಿದು ಬಿದ್ದದ್ದು ಆ ಬೆಟ್ಟದ ಮೇಲೆ. ಪುಷ್ಪಕವೆಂಬ ಯಂತ್ರ ಇಳಿಯುವ ಬಯಲು, ಪುಷ್ಪಕವನ್ನು ತಡೆದ ಹಕ್ಕಿ ಬಿದ್ದ ಬೆಟ್ಟ, ಎರಡೂ ಒಂದೇ ಜಿಲ್ಲೆಯಲ್ಲಿರುವುದು ನನಗೂ ಸಂತೋಷ ತಂದಿತು. ಯಂತ್ರಕ್ಕೆ ಹೆಸರಿಟ್ಟವರಿಗೂ ನನ್ನ ತಾಯಿಗೂ ಆ ಕಥೆಯನ್ನು ಬಾಲ್ಯದಲ್ಲಿ ಯಾರೋ ಹಿರಿಯರು ಹೇಳಿರಬೇಕು.

ಆದರೆ ಕಥೆಯನ್ನು ಪ್ರೀತಿಸುವುದು ಬೇರೆ, ಕಥೆಯನ್ನು ಸಾಕ್ಷ್ಯವಾಗಿ ನಿಲ್ಲಿಸುವುದು ಬೇರೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ, ವಿಮಾನಗಳನ್ನು ವಿವರಿಸುವ 'ವೈಮಾನಿಕ ಶಾಸ್ತ್ರ'ವನ್ನು ಪ್ರಾಚೀನ ಭರದ್ವಾಜ ಮಹರ್ಷಿಯ ಕೃತಿಯೆಂದೇ ಹಲವರು ನಂಬಿದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಪರೀಕ್ಷೆಗೆ ಎತ್ತಿಕೊಂಡರು. ಅವರು ನಕ್ಕು ಬದಿಗಿಡಲಿಲ್ಲ. ಭಾಷೆಯನ್ನು ನೋಡಿದರು, ಗ್ರಂಥದ ಇತಿಹಾಸವನ್ನು ವಿಚಾರಿಸಿದರು, ಚಿತ್ರಗಳಲ್ಲಿರುವ ವಿಮಾನಗಳ ಆಕಾರ ಮತ್ತು ತೂಕಗಳನ್ನು ಲೆಕ್ಕ ಹಾಕಿದರು. ಗ್ರಂಥ ಪ್ರಾಚೀನವಲ್ಲ, ಆ ವಿಮಾನಗಳು ಹಾರಲಾರವು ಎಂಬ ತೀರ್ಮಾನಕ್ಕೆ ಆ ಬಳಿಕವೇ ಬಂದರು. ಒಂದು ನಂಬಿಕೆಗೆ ತೋರಬಹುದಾದ ಅತ್ಯಂತ ದೊಡ್ಡ ಗೌರವ ಅದನ್ನು ಹೀಗೆ ಗಂಭೀರವಾಗಿ ಪರೀಕ್ಷಿಸುವುದೇ ಎಂದು ನಾನು ತಿಳಿದಿದ್ದೇನೆ. ವಾಲ್ಮೀಕಿಯ ಪುಷ್ಪಕಕ್ಕೆ ಇದರಿಂದ ಎಳ್ಳಷ್ಟೂ ಕುಂದು ಬರಲಿಲ್ಲ.

ತಳುಕು ದಾಟುವಾಗ ಮಾತು ಗ್ರಹಣಕ್ಕೆ ತಿರುಗಿತು. ಅಮ್ಮ ಇಂದಿಗೂ ಗ್ರಹಣದ ದಿನ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಡುತ್ತಾರೆ, ಬಿಟ್ಟ ಮೇಲೆ ಸ್ನಾನ ಮಾಡುತ್ತಾರೆ. ನಾನು ಆರ್ಯಭಟನ ಸಾಲನ್ನು ಹೇಳಿದೆ: "ಛಾದಯತಿ ಶಶೀ ಸೂರ್ಯಂ ಶಶಿನಂ ಮಹತೀ ಚ ಭೂಚ್ಛಾಯಾ." ಸೂರ್ಯನನ್ನು ಮುಚ್ಚುವವನು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು. ಐದನೆಯ ಶತಮಾನದ ಕೊನೆಯಲ್ಲೇ ಇಷ್ಟು ನೇರವಾಗಿ ಹೇಳಿದವನಿದ್ದ. ನನ್ನನ್ನು ಹೆಚ್ಚು ಕಾಡುವವನು ಮಾತ್ರ ಬ್ರಹ್ಮಗುಪ್ತ. 628ರಲ್ಲಿ ತನ್ನ ಸಿದ್ಧಾಂತ ಗ್ರಂಥವನ್ನು ಬರೆದ ಈ ಮಹಾಗಣಿತಜ್ಞ ಗ್ರಹಣವನ್ನು ನೆರಳಿನ ಲೆಕ್ಕದಿಂದಲೇ ಕರಾರುವಾಕ್ಕಾಗಿ ಗುಣಿಸಬಲ್ಲವನಾಗಿದ್ದ. ಆದರೂ ಅದೇ ಗ್ರಂಥದಲ್ಲಿ, ರಾಹುವನ್ನು ಒಪ್ಪದವರು ವೇದ ಸ್ಮೃತಿಗಳಿಗೆ ಹೊರತಾದವರೆಂದು ಆರ್ಯಭಟ ಮೊದಲಾದವರನ್ನು ಖಂಡಿಸಿದ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿ ಇದನ್ನು ಓದಿ ನೊಂದುಕೊಂಡಿದ್ದಾನೆ. ಇಷ್ಟು ಬಲ್ಲವನು ಹೀಗೇಕೆ ಬರೆದ, ಆರ್ಯಭಟನ ವಿರುದ್ಧ ಇಷ್ಟು ಕಟುವಾಗಿ ಮಾತಾಡಿದವನೇ ಮುಂದೆ ಚಂದ್ರನ ವ್ಯಾಸವನ್ನು, ನೆರಳಿನ ವ್ಯಾಸವನ್ನು ಏಕೆ ಗುಣಿಸಿದ ಎಂಬುದು ಅವನ ಪ್ರಶ್ನೆ. ಯುರೋಪಿನಲ್ಲಿ 1633ರಲ್ಲಿ ಗೆಲಿಲಿಯೊನನ್ನು ವಿಚಾರಣಾ ಮಂಡಳಿ ಮಣಿಸಿತು. ಬ್ರಹ್ಮಗುಪ್ತನ ಮುಂದೆ ಅಂಥ ಮಂಡಳಿಯಿರಲಿಲ್ಲ. ಹೊರಗಿನ ಬಲಾತ್ಕಾರಕ್ಕಿಂತ, ಬಲ್ಲವನು ತಾನಾಗಿಯೇ ತನ್ನ ಅರಿವಿಗೆ ಬೇಲಿ ಹಾಕಿಕೊಳ್ಳುವುದು ನನಗೆ ಹೆಚ್ಚು ದುಃಖದ ಸಂಗತಿಯಾಗಿ ಕಾಣುತ್ತದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೆರಳು ಅಂತ ನನಗೂ ಗೊತ್ತಪ್ಪಾ, ದರ್ಭೆ ಇಡೋದು ನಮ್ಮಮ್ಮ ಇಡುತ್ತಿದ್ದಳು ಅಂತ" ಎಂದರು. ಆ ಮಾತಿಗೆ ನನ್ನಲ್ಲಿ ಪ್ರತಿವಾದವಿರಲಿಲ್ಲ.

ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎಂದು ಕರೆಯುತ್ತ ಬಂದಿದ್ದಾರೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಇದನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ಇಸಿಲವೆಂಬ ಊರಿನ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ ದೇವಾನಾಂಪ್ರಿಯನ ಮಾತನ್ನು ತಿಳಿಸುತ್ತಾರೆ: ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರು ಹೇಳಿ, ಲಿಪಿಕಾರ ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ವಾಯವ್ಯದ ಆ ಲಿಪಿಯನ್ನು ಬಲ್ಲ ಕೈಯೊಂದು ಈ ಬಿಸಿಲಿನಲ್ಲಿ ಉಳಿ ಹಿಡಿದಿತ್ತೆಂದು ನೆನೆದು ಮೈ ಜುಮ್ಮೆಂದಿತು.

ಈ ದೇವಾನಾಂಪ್ರಿಯ ಯಾರೆಂದು ತಿಳಿದದ್ದೂ ಹಂತ ಹಂತವಾಗಿ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಈ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಿದ. ಅಶೋಕನೆಂಬ ಹೆಸರೇ ಇರುವ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿ ಗುರುತನ್ನು ಖಚಿತಪಡಿಸಿತು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿ, ಕಲ್ಲುಕೊಡಲಿಯವರು, ಕಲ್ಗೋರಿ ಕಟ್ಟಿದವರು, ಅವರ ನಂತರದವರು ಎಂದು ಪದರಗಳನ್ನು ಕ್ರಮವಾಗಿ ತೋರಿಸಿದರು. ಚಪ್ಪಡಿಗಳ ಆ ಕಲ್ಗೋರಿಗಳಲ್ಲಿ ಪೂರ್ವಕ್ಕೆ ದುಂಡನೆಯ ಕಿಂಡಿ ಬಿಡುತ್ತಿದ್ದರು. ಸತ್ತವರಿಗೆ ಏನೋ ಬೇಕಾಗುತ್ತದೆಂದು ನಂಬಿದ ಜನ ದಿಕ್ಕನ್ನೂ ಅಷ್ಟೇ ಎಚ್ಚರದಿಂದ ಗಮನಿಸಿದವರು.

ಜಟಿಂಗ ರಾಮೇಶ್ವರದ ಬೆಟ್ಟದ ಬುಡ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಮ್ಮನ ಮಂಡಿ ಒಪ್ಪಲಿಲ್ಲ. ಹಣ್ಣು ಕಾಯಿಯ ಚೀಲವನ್ನು ನನ್ನ ಕೈಗಿತ್ತು, ಹೇಳಬೇಕಾದ ಹೆಸರು ನಕ್ಷತ್ರಗಳನ್ನು ಎರಡು ಬಾರಿ ಹೇಳಿಸಿ, ಹುಣಸೆಮರದ ಕೆಳಗೆ ಕುಳಿತರು. ದೇವರ ಮುಂದೆ ಏನು ಹೇಳಬೇಕೆಂದು ನನಗೆ ಸಾಮಾನ್ಯವಾಗಿ ತಿಳಿಯದು; ಅಂದು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದೆ.

ದೇವಾಲಯದ ಬಳಿ ಅಶೋಕನ ಇನ್ನೊಂದು ಶಾಸನವಿದೆ. ಆ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವದು. ಅಕ್ಷರಗಳು ಬಹುಮಟ್ಟಿಗೆ ಸವೆದಿವೆ. ಮಂಡಿಯೂರಿ ಕುಳಿತು, ಬೆಳಕು ಓರೆಯಾಗಿ ಬೀಳುವ ಕಡೆಯಲ್ಲೆಲ್ಲ ಬೆರಳಾಡಿಸಿದೆ. ಕೆಲವು ಗೀರುಗಳು ಸಿಕ್ಕವು, ಅವು ಅಕ್ಷರಗಳೋ ಕಲ್ಲಿನ ಬಿರುಕೋ ಹೇಳಲಾರೆ. ಕೆಳಗಿಳಿದು ಬಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ ಕಾಯಿ ಹೇಗೆ ಒಡೆಯಿತೆಂದು. ಎರಡನೆಯದು, "ಆ ರಾಜನ ಬರಹ ಇನ್ನೂ ಕಾಣಿಸುತ್ತದೆಯಾ?"